ಪಪ್ಪಾಯಿಗೆ ಕ್ಷೌರ

ಷಡ್ಡಕನಂಥ ಸಂಬಂಧ ಲೋಕದಲ್ಲಿ ಇನ್ನೊಂದಿಲ್ಲ. ಆರಿಸುವವಳು ಹೆಂಡತಿಯ ತಂಗಿ, ಬಿ.ಪಿ. ಏರುವುದು ನಮಗೆ. ನನ್ನ ಷಡ್ಡಕ ದಿನಾ ಬೆಳಿಗ್ಗೆ ಪಪ್ಪಾಯಿ ಗಿಡದಿಂದ ಹಾಲು ಕರೆಯುತ್ತಿದ್ದ ಎಂದರೆ ನೀವು ನಂಬುತ್ತೀರಾ? ನಾನು ನಂಬಲೇಬೇಕಾಯಿತು, ಪಕ್ಕದ ಮನೆಯೇ ನಮ್ಮದು.

ತೊಂಬತ್ತರ ದಶಕದಲ್ಲಿ ಬ್ಯಾಂಕು ನನ್ನನ್ನು ವಡೋದರಕ್ಕೆ ಎಸೆದಿತ್ತು. ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಫೆಲೋಶಿಪ್ ಸಿಕ್ಕಿ ಷಡ್ಡಕನೂ ಬಂದ. ಮಂಜಲ್‌ಪುರದಲ್ಲಿ ನಮ್ಮ ಎರಡು ಮನೆಗಳಿಗೂ ಎದುರಿಗೆ ಕೋಕಿಲಾಬೆನ್ ಅವರ ಮನೆ, ಅದರಂಗಳದಲ್ಲಿ ಪಪ್ಪಾಯಿ ಗಿಡ. ಇವನು ಬ್ಲೇಡು, ಗಾಜಿನ ಬಟ್ಟಲು ಹಿಡಿದು ಹೋಗಿ ಎಳೆಗಾಯಿಗಳಿಗೆ ಸಣ್ಣಗೆ ಗೀರು ಹಾಕಿ ಹಾಲು ಹಿಡಿಯುತ್ತಿದ್ದ.

"ಭಾಯಿ, ಪಪೈಯಾನೀ ದಾಢೀ ಕರೋ ಛೋ?" ಎಂದರು ಬೆನ್ ಮೊದಲ ದಿನ. ಪಪ್ಪಾಯಿಗೂ ಕ್ಷೌರವೇ ಎಂದು.

"ನಹೀ ಬೆನ್, ಥೋಡಾ ದೂಧ್ ನಿಕಾಲ್ತಾ ಹೂಂ."

"ಆ ಗಾಯ್ ಛೇ?"

ಹಸುವಲ್ಲ ಎಂದು ವಿವರಿಸಲು ಅವನಿಗೆ ಗುಜರಾತಿ ಸಾಲಲಿಲ್ಲ. ನನಗೆ ವಿವರಿಸಲು ಕನ್ನಡವೂ ಸಾಲಲಿಲ್ಲ ಅನ್ನಿ. ನನಗೆ ತಿಳಿದಷ್ಟು ಇಷ್ಟು: ಆ ಹಾಲಿನಲ್ಲಿ ಒಂದು ಪ್ರೋಟೀನು ಇದೆ, ಜೊತೆಗೆ ಬೇಡದ್ದು ಬೇಕಾದಷ್ಟಿದೆ. ನೀರಿಗೆ ಒಂದು ಉಪ್ಪು, ಮೇಣದಂಥ ಒಂದು ಪುಡಿ ಬೆರೆಸಿದರೆ ನೀರೇ ನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ. ಅದಕ್ಕೆ ಹಾಲು ಸೇರಿಸಿದರೆ ಪ್ರೋಟೀನು ಮೇಲಿನ ಪದರಕ್ಕೆ ಏರುತ್ತದೆ, ಕಸ ಕೆಳಗೆ ಉಳಿಯುತ್ತದೆ.

"ಎಣ್ಣೆ ನೀರು ಬೇರೆಯಾದ್ರೆ ಏನ್ ಹೆಚ್ಚುಗಾರಿಕೆ, ಭಾವಾ? ನೀರು ನೀರು ಬೇರೆ ಆಗಬೇಕು ನೋಡ್ರಿ," ಎಂದು ಧಾರವಾಡದ ಗತ್ತಿನಲ್ಲಿ ಹೇಳಿದ.

"ನಮ್ ಬ್ಯಾಂಕಲ್ಲಿ ಅದಕ್ಕೆ ಯೂನಿಯನ್ ಅಂತಾರೆ," ಎಂದೆ.

ಅವನು ನಗಲಿಲ್ಲ. ಸಾರನ್ನೂ ಕಲಕದೆ, ತಿಳಿಯಾಗಲಿ ಎಂದು ಕಾದು ಕೂತು ಉಣ್ಣುವ ಮನುಷ್ಯ. ಅವನ ಜೊತೆ ಊಟಕ್ಕೆ ಕೂತರೆ ಕೈ ಒಣಗಿ ಇಸ್ತ್ರಿ ಆಗುತ್ತಿತ್ತು.

ಆ ವರ್ಷ ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ಹೊತ್ತಿಗೆ ಅವನ ಫೆಲೋಶಿಪ್ ಮುಗಿಯುವುದರಲ್ಲಿತ್ತು. ಹಬ್ಬ ಕಳೆದ ಕೂಡಲೇ ಅಹಮದಾಬಾದಿನಿಂದ ತಜ್ಞರು ಬರುವವರು. ಬೇರ್ಪಡಿಸಿದ ಪ್ರೋಟೀನಿಗೆ ಇನ್ನೂ ಜೀವವಿದೆ, ಒಂದು ತೊಟ್ಟು ಬಿದ್ದರೆ ಬೆಚ್ಚಗಿನ ಹಸುವಿನ ಹಾಲು ಒಡೆಯುತ್ತದೆ ಎಂದು ತೋರಿಸಿದರೆ ಫೆಲೋಶಿಪ್ ಮುಂದುವರಿಯುತ್ತದೆ. ಇಲ್ಲದಿದ್ದರೆ ಗಂಡಹೆಂಡತಿ ಗಂಟುಮೂಟೆ ಕಟ್ಟಿ ಧಾರವಾಡಕ್ಕೆ. ಹಬ್ಬಕ್ಕೆ ಪ್ರಯೋಗಾಲಯಕ್ಕೆ ಬೀಗ ಬಿದ್ದಿದ್ದರಿಂದ ಕೊನೆಯ ಪ್ರಯೋಗದ ಜಾಡಿ ನಮ್ಮ ಅಡುಗೆಮನೆಗೆ ಬಂತು. ಅವನ ಮನೆಯ ಅಡುಗೆಮನೆಯಿಂದ ನನ್ನ ನಾದಿನಿ ಅವನನ್ನು ಎಂದೋ ಗಡೀಪಾರು ಮಾಡಿದ್ದಳು.

ಊರೆಲ್ಲ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿತ್ತು. ಷಡ್ಡಕನೂ. ನಾನು ಮಾತ್ರ ಯಾರ ಕತ್ತಿಗೆ ಯಾವ ದಾರ ಸಿಕ್ಕೀತೋ ಎಂಬ ಚಿಂತೆಯಲ್ಲಿ ಕೆಳಗಿಳಿದು ಬಂದೆ. ಅಡುಗೆಮನೆಯಲ್ಲಿ ಕೋಕಿಲಾಬೆನ್. ನಮಗೆಂದು ಊಂಧಿಯೂ ಎಂಬ ಹಬ್ಬದ ಪಲ್ಯ ತಂದವರು ಜಾಡಿ ನೋಡಿದ್ದಾರೆ. ಕೆಳಗೆ ಬಿಳಿ, ಮೇಲೆ ತಿಳಿನೀರು. ಗುಜರಾತಿನಲ್ಲಿ ಹುಟ್ಟಿದ ಯಾರಿಗಾದರೂ ಅದು ಮಜ್ಜಿಗೆಯೇ. ನಿಂತ ಮಜ್ಜಿಗೆಯನ್ನು ಕಲಕದೆ ಬಿಡುವುದುಂಟೇ? ಚೆನ್ನಾಗಿ ಕಡೆದು, ಹುರಿದ ಜೀರಿಗೆ ಪುಡಿಯ ಚಮಚವನ್ನು ಜಾಡಿಯ ಮೇಲೆ ಹಿಡಿದಿದ್ದರು.

ನಾನು ಹಾಕಿದ ಕೂಗಿಗೆ ಚಮಚ ನೆಲಕ್ಕೆ, ಷಡ್ಡಕ ಮಾಳಿಗೆಯಿಂದ ಅಡುಗೆಮನೆಗೆ. ವಿಷಯ ತಿಳಿದ ಬೆನ್ ಸೆರಗು ಬಾಯಿಗೆ ಹಿಡಿದು ಅಳತೊಡಗಿದರು.

ಅವನು ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಕುಛ್ ನಹೀ ಹುವಾ ಬೆನ್. ಇದನ್ನ ಎಷ್ಟ್ ಕಲಕಿದ್ರೂ ತಿರುಗಿ ಬೇರೆ ಆಗ್ತದ, ಭಾವಾ. ಜೀರಿಗಿ ಬಿದ್ದಿದ್ರ ಮಾತ್ರ ಕಷ್ಟಿತ್ತು. ಕೂಡ್ರಿ ಎಲ್ಲಾರೂ."

ಕೂತೆವು. ಮೇಲೆ "ಕಾಯ್‌ಪೋ ಛೇ" ಎಂದು ಪಟ ಕತ್ತರಿಸಿದವರ ಅಬ್ಬರ. ಕೆಳಗೆ ಮೂವರು ಒಂದು ಜಾಡಿಯನ್ನು ದೇವರ ಹಾಗೆ ನೋಡುತ್ತಾ. ಬಿಳಿ ಮೆಲ್ಲಗೆ ಇಳಿಯಿತು, ತಿಳಿ ಮೆಲ್ಲಗೆ ಏರಿತು. ಅವನು ಮೇಲಿನ ಪದರದಿಂದ ಒಂದಿಷ್ಟು ಹೀರಿ, ಬಟ್ಟಲಿನ ಬೆಚ್ಚಗಿನ ಹಾಲಿಗೆ ಬಿಡಲು ಕೈ ಚಾಚಿದ. ಆಗ ನೋಡಿದೆ, ನಮಗೆಲ್ಲ ಧೈರ್ಯ ಹೇಳಿದ ಮನುಷ್ಯ ತೊಟ್ಟು ಬಿಡದೆ ಎರಡು ಸಲ ಕೈ ಹಿಂದಕ್ಕೆಳೆದುಕೊಂಡ.

ಬೆನ್ ಅವನ ಮಣಿಕಟ್ಟು ಹಿಡಿದು ಬಟ್ಟಲಿನ ಮೇಲೆ ತಂದರು. ತೊಟ್ಟು ಬಿತ್ತು. ಸ್ವಲ್ಪ ಹೊತ್ತಿಗೆ ಹಾಲು ಗರಣೆ ಗರಣೆಯಾಗಿ ಒಡೆಯಿತು.

"ಹವೇ ಜವಾನುಂ ನಥೀ ನೇ?" ಎಂದು ಕೇಳಿದರು ಬೆನ್. ಇನ್ನು ನೀವು ಹೋಗುವುದಿಲ್ಲ ತಾನೇ?

ಅವನಿಗೆ ಅಷ್ಟು ಗುಜರಾತಿ ಬರುತ್ತಿತ್ತು. ಆದರೂ ತಲೆ ತಗ್ಗಿಸಿ ನೆಲಕ್ಕೆ ಬಿದ್ದ ಜೀರಿಗೆ ಪುಡಿ ಬಳಿಯತೊಡಗಿದ. ಅವನ ಪರವಾಗಿ ನಾನೇ "ನಥೀ, ನಥೀ" ಎಂದೆ. ನನ್ನ ದನಿಯೂ ಯಾಕೋ ಒಡೆದಿತ್ತು.