ಹಲ್ಲಿಗೊಂದು ಕ್ಯಾಮೆರಾ

ಭಾನುವಾರ ಬೆಳಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ದಶಾಂಶರಾಯರು ಏಳು ವರ್ಷದ ಮಗಳ ಬಾಯಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು, ಉಸಿರು ಬಿಗಿಹಿಡಿದು ಕೂತಿದ್ದರು.

ದಶಾಂಶರಾಯ ಎಂಬುದು ಅವರಿಗೆ ಹೆತ್ತವರು ಇಟ್ಟ ಹೆಸರಲ್ಲ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವರಿಗೆ ಇಪ್ಪತ್ತು ವರ್ಷದ ಕೆಲಸ. "ಟೀ ಹೇಗಿದೆ ಸಾರ್?" ಎಂದು ಕೇಳಿದರೆ "ಅರವತ್ತೆರಡು ಪಾಯಿಂಟ್ ಐದು ಡಿಗ್ರಿ" ಎನ್ನುವ ಮನುಷ್ಯನಿಗೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು.

ಮಗಳ ಮೇಲ್ದವಡೆಯ ಎರಡು ಮುಂದಿನ ಹಲ್ಲು ಬಿದ್ದಿದ್ದವು. ಅವಳು ನಕ್ಕರೆ ಆ ಕಿಂಡಿಯಿಂದ "ಫ್ವೀ" ಎಂದು ಸೀಟಿ ಬರುತ್ತಿತ್ತು. ಸೀಟಿ ಕೇಳಿ ಅಮ್ಮ ನಗುವಳು, ಅಮ್ಮ ನಕ್ಕಳೆಂದು ಮಗಳು ಮತ್ತೆ ನಗುವಳು, ಮತ್ತೆ ಸೀಟಿ. ಮನೆಯೋ ರೈಲ್ವೆ ಸ್ಟೇಷನ್ನೋ ತಿಳಿಯದಂತಾಗಿತ್ತು!

"ಈ ನಗು ಒಂದು ಫೋಟೊದಲ್ಲಾದ್ರೂ ಉಳೀಬೇಕು ರೀ. ಮತ್ತೆ ಬೇಕು ಅಂದ್ರೆ ಸಿಗಲ್ಲ" ಎಂದು ಹೆಂಡತಿ ತನ್ನ ಫೋನು ಎತ್ತಿದಳು. ಒಮ್ಮೆ ಬಿದ್ದು ಅದರ ಕ್ಯಾಮೆರಾದ ಗಾಜು ಬಿರುಕು ಬಿಟ್ಟಿತ್ತು.

"ತಡಿ!" ರಾಯರು ಕೈ ಅಡ್ಡ ಹಿಡಿದರು. "ಅದರಲ್ಲಿ ತೆಗೆದ್ರೆ ಮಂಜುಮಂಜಾಗಿ ಬರುತ್ತೆ."

"ಮಂಜಾಗಿದ್ರೂ ನಮ್ಮ ಮಗಳೇ ತಾನೇ?"

"ಕೆಟ್ಟ ಫೋಟೊ ಒಂದಿದ್ರೆ ಒಳ್ಳೇದು ತೆಗೆಯೋ ಛಲ ಹೋಗ್ಬಿಡುತ್ತೆ. ಯಾರೂ ತೆಗೀಬಾರ್ದು! ನಮ್ಮ ಅಗತ್ಯಕ್ಕೂ ನಮ್ಮ ಬಜೆಟ್ಟಿಗೂ ಕರಾರುವಾಕ್ಕಾಗಿ ಹೊಂದೋ ಡಿಜಿಟಲ್ ಕ್ಯಾಮೆರಾನ ನಾನು ವೈಜ್ಞಾನಿಕವಾಗಿ ಆರಿಸ್ತೀನಿ. ಲೋಕ ನೋಡ್ತಾ ಇರಲಿ!"

"ಲೋಕ ಬಿಡಿ. ಅಷ್ಟರಲ್ಲಿ ಹಲ್ಲು ಬಂದ್ಬಿಟ್ರೆ?"

ಕ್ಯಾಲಿಪರ್ ಹೊರಬಂದದ್ದು ಈ ಪ್ರಶ್ನೆಗೆ ಉತ್ತರವಾಗಿ. "ಹೊಸ ಹಲ್ಲು ತಲೆ ತೋರಿಸಿ ಆರು ದಿನ. ಬೆಳೆದಿರೋದು ಸೊನ್ನೆ ಪಾಯಿಂಟ್ ಆರು ಮಿಲಿಮೀಟರ್. ಅಂದ್ರೆ ದಿನಕ್ಕೆ ಸೊನ್ನೆ ಪಾಯಿಂಟ್ ಒಂದು. ಐದು ಮಿಲಿಮೀಟರ್ ಆಗೋವರೆಗೂ ಕಿಂಡಿ ಕಿಂಡಿಯೇ. ನಮಗೆ ಇನ್ನೂ ಇದೆ..." ರಾಯರು ಎದ್ದು ನಿಂತು ಬೆರಳೆತ್ತಿ ಘೋಷಿಸಿದರು: "ನಲವತ್ನಾಲ್ಕು ದಿನ!"

ಮಗಳು ಓಡಿಹೋಗಿ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕೆಂಪು ಸುತ್ತು ಹಾಕಿದಳು. ಒಂದೇ ಅಳತೆಯ ಮೇಲೆ ವರದಿ ಬರೆದ ಕಿರಿಯರನ್ನು ಪ್ರಯೋಗಾಲಯದಲ್ಲಿ ನಿಲ್ಲಿಸಿ ಬೈಯುತ್ತಿದ್ದವರು ಇವರೇ. ಅಂದು ಬೈಯಲು ಮನೆಯಲ್ಲಿ ಮೇಲಧಿಕಾರಿ ಯಾರೂ ಇರಲಿಲ್ಲ.

ಮರುದಿನವೇ ಕ್ಯಾಮೆರಾ ಅಂಗಡಿ. ಅಂಗಡಿಯವರು ತಾಳ್ಮೆಯ ಮನುಷ್ಯ. ಆಗಿನ್ನೂ.

"ಯಾವುದಕ್ಕೆ ಬೇಕು ಸಾರ್?"

"ಹಲ್ಲಿಗೆ."

"ಡಾಕ್ಟ್ರಾ?"

"ಅಪ್ಪ. ಆ ಮೂವತ್ತು ಪಟ್ಟು ಜೂಮ್ ಇರೋದು ತೋರಿಸಿ."

"ಫೋಟೊ ತೆಗೆಯುವಾಗ ಮಗು ಎಷ್ಟು ದೂರದಲ್ಲಿರುತ್ತೆ ಸಾರ್?"

"ನನ್ನ ತೊಡೆ ಮೇಲೆ."

ಅಂಗಡಿಯವರು ಮೂವತ್ತು ಪಟ್ಟಿನದನ್ನು ಮೆಲ್ಲಗೆ ಒಳಗಿಟ್ಟು, ಅಂಗೈಯಷ್ಟು ಪುಟ್ಟ ಕ್ಯಾಮೆರಾ ಒಂದನ್ನು ಮುಂದಿಟ್ಟರು. "ಇದು ಸಾಕು. ನಿಮ್ಮ ಬಜೆಟ್ಟಲ್ಲೇ ಬರುತ್ತೆ. ಇವತ್ತು ಸಂಜೆನೇ ತೆಗೀಬಹುದು."

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮೊದಲು ಕೈಗೆ ಸಿಕ್ಕಿದ್ದನ್ನೇ ಕೊಳ್ಳುವವನು ವಿಜ್ಞಾನಿಯೇ? ರಾಯರು ಹತ್ತೊಂಬತ್ತು ಕ್ಯಾಮೆರಾ, ಹನ್ನೊಂದು ಗುಣಗಳ ಕೋಷ್ಟಕ ಹಾಕಿದರು. ಬ್ಯಾಟರಿಗೆ ಅಂಕ, ತೂಕಕ್ಕೆ ಅಂಕ, ಮಂದ ಬೆಳಕಿಗೆ ಅಂಕ. ದಿನಾ ಸಂಜೆ ಕೆಲಸ ಬಿಟ್ಟ ಮೇಲೆ ಅಂಗಡಿ, ಅಂಗಡಿ ಬಿಟ್ಟ ಮೇಲೆ ಕೋಷ್ಟಕ. ಮಗಳ ನಗುವನ್ನು ಚಿತ್ರಿಸುವ ಭರದಲ್ಲಿ ಅವಳು ನಗುವ ಹೊತ್ತಿಗೆ ಅವರು ಮನೆಯಲ್ಲೇ ಇರುತ್ತಿರಲಿಲ್ಲ.

ಎಲ್ಲ ಕ್ಯಾಮೆರಾಗಳನ್ನೂ ಪರೀಕ್ಷಿಸಲು ಒಂದೇ ನಮೂನೆ ಇರಬೇಕಲ್ಲ? ಮಗುವಿನ ನಗು ಪ್ರತಿ ಸಲ ಬೇರೆ ಬೇರೆ! ಆದ್ದರಿಂದ ಮೇಣದಬತ್ತಿಯ ತುಂಡನ್ನು ಬೆಚ್ಚಗೆ ಮಾಡಿ ಮಗಳಿಂದ ಕಚ್ಚಿಸಿ, ಕಿಂಡಿಯ ಅಚ್ಚು ತೆಗೆದು, ಡಬ್ಬಿಯಲ್ಲಿಟ್ಟು ಅಂಗಡಿಗೆ ಒಯ್ದರು.

"ಮಗು ಫೋಟೊ ಅಂದ್ರಿ" ಎಂದರು ಅಂಗಡಿಯವರು.

"ಸದ್ಯಕ್ಕೆ ಮೇಣದ್ದು."

ಹದಿನೆಂಟು ಕ್ಯಾಮೆರಾಗಳಿಗೆ ಮೇಣ ಜಗ್ಗದೆ ಪೋಸು ಕೊಟ್ಟಿತು. ಹತ್ತೊಂಬತ್ತನೆಯದಕ್ಕೆ ರಾಯರು ಅದನ್ನು ಪ್ರಖರ ದೀಪದಡಿ ಇಟ್ಟು, ಅಂಕ ಬರೆದುಕೊಂಡು ತಲೆಯೆತ್ತುವಷ್ಟರಲ್ಲಿ ಅಚ್ಚು ಕರಗಿ ಗಾಜಿನ ಮೇಜಿನ ಮೇಲೆ ಹರಿಯುತ್ತಿತ್ತು. ಕಿಂಡಿಯ ಏಕೈಕ ದಾಖಲೆಯನ್ನು ಅಂಗಡಿಯವರು ಬಟ್ಟೆಯಿಂದ ಒರೆಸಿ ಬುಟ್ಟಿಗೆ ಹಾಕಿದರು.

"ಸಾರ್, ಕೈ ಮುಗೀತೀನಿ. ಒಂದು ತಗೊಂಡ್ಬಿಡಿ."

ಇಪ್ಪತ್ತೊಂಬತ್ತನೆಯ ದಿನ ಕೋಷ್ಟಕ ತೀರ್ಪು ಕೊಟ್ಟಿತು. ಗೆದ್ದದ್ದು ಅಂಗೈಯಷ್ಟಗಲದ ಪುಟ್ಟ ಕ್ಯಾಮೆರಾ, ಮೊದಲ ದಿನ ತೋರಿಸಿದ್ದೇ! ರಾಯರ ಮನಸ್ಸು ಬದಲಾಗುವ ಮುನ್ನವೇ ಅಂಗಡಿಯವರು ಕಟ್ಟಿಕೊಟ್ಟರು. ಆ ವೇಗಕ್ಕೂ ಒಂದು ಅಂಕ ಕೊಡಬಹುದಿತ್ತು.

ರಾಯರು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮನೆ ಹೊಕ್ಕರು. "ಎಲ್ಲಿ, ನಗು ಪುಟ್ಟಿ!"

ಮಗಳು ನಕ್ಕಳು. ಸೀಟಿ ಬರಲಿಲ್ಲ.

ಕಿಂಡಿಯಿದ್ದ ಜಾಗದಲ್ಲಿ ಎರಡು ಹಲ್ಲು, ಬಾಗಿಲು ಕಾಯುವವರ ಹಾಗೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ರಾಯರು ಕ್ಯಾಲಿಪರ್ ಹಿಡಿದರು. ಆರು ಪಾಯಿಂಟ್ ಮೂರು. ಮೊದಲು ಆಮೆಯಂತೆ ತೆವಳಿದ ಹಲ್ಲು ಆಮೇಲೆ ಓಟ ಕಿತ್ತಿತ್ತು. ಸರಳರೇಖೆಯಲ್ಲಿ ಬೆಳೆಯುತ್ತೇನೆಂದು ಅದು ಯಾರಿಗೂ ಮಾತು ಕೊಟ್ಟಿರಲಿಲ್ಲ.

"ಸೀಟಿ ನಿಂತು ಹತ್ತು ದಿನ ಆಯ್ತು" ಎಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ರಾಯರಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನಗ್ಯಾಕೆ ಹೇಳ್ಲಿಲ್ಲ?"

"ಎರಡು ಸಲ ಹೇಳಿದೆ. 'ಇರು, ಮಂದ ಬೆಳಕಿನ ಅಂಕ ಕೂಡಿಸ್ತಿದ್ದೀನಿ' ಅಂದ್ರಿ."

"ನಿನ್ನ ಫೋನಲ್ಲಿ... ಒಂದಾದ್ರೂ?"

"ಯಾರೂ ತೆಗೀಬಾರ್ದು ಅಂದಿದ್ರಲ್ಲ ರೀ."

ಅಂಥ ಒಂದು ಮಂಜುಮಂಜಾದ ಫೋಟೊಗಾಗಿ ರಾಯರು ಈಗ ಹತ್ತೊಂಬತ್ತು ಕ್ಯಾಮೆರಾಗಳನ್ನೂ ಕೊಡಲು ಸಿದ್ಧರಿದ್ದರು.

ಅಪ್ಪನ ಮುಖ ನೋಡಿ ಮಗಳು ಒಳಗೆ ಓಡಿದಳು. ಎರಡು ನಿಮಿಷ ಬಿಟ್ಟು ಹೊಸ ಹಲ್ಲಿನ ಮೇಲೆ ಕಪ್ಪು ಕಾಗದದ ಚೂರು ಅಂಟಿಸಿಕೊಂಡು ಬಂದು, "ಫ್ವೀ!" ಎಂದು ಬಾಯಲ್ಲೇ ಸೀಟಿ ಹೇಳಿ ನಕ್ಕಳು. ರಾಯರು ಗುಂಡಿ ಒತ್ತಿದರು. ಕ್ಯಾಮೆರಾ ಬಲು ಒಳ್ಳೆಯದು. ಕತ್ತರಿ ಸೊಟ್ಟಗೆ ಹೋದ ಅಂಚು, ಒದ್ದೆಯಾಗಿ ಸುರುಟಿದ ಮೂಲೆ, ಒಂದೂ ಬಿಡದೆ ಸ್ಪಷ್ಟವಾಗಿ ಬಿದ್ದಿತ್ತು.

ರಾಯರು ಚಿತ್ರವನ್ನು ನೋಡುತ್ತಲೇ ಕೂತರು. ಮಗಳು ಗೋಡೆಯಿಂದ ಕ್ಯಾಲೆಂಡರ್ ಇಳಿಸಿ ತಂದು, ಇನ್ನೂ ದೂರವಿದ್ದ ಕೆಂಪು ಸುತ್ತಿನ ಮೇಲೆ ಬೆರಳಿಟ್ಟು ಅವರ ಬೆನ್ನು ಸವರಿದಳು.

"ನಿಂದೇನೂ ತಪ್ಪಿಲ್ಲಪ್ಪ. ಹಲ್ಲಿಗೆ ಯಾರೂ ಹೇಳಿಲ್ಲ ಅನ್ಸುತ್ತೆ, ನಲವತ್ನಾಲ್ಕು ದಿನ ಅಂತ."