ಅತ್ತೆಯ ಅಂಗಳ, ನನ್ನ ಡೆಕ್ಕು

ನನ್ನ ಕೈಲಿ ಆಗುವುದಿಲ್ಲ ಎಂದು ಮೊಟ್ಟಮೊದಲು ಹೇಳಿದವಳು ನಮ್ಮ ಅಪ್ಪನ ಅಕ್ಕ ಜಯಮ್ಮತ್ತೆ. ಮಂಡ್ಯದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಅರ್ಜಿ ಹಾಕಿ ಬಂದ ದಿನ, ಒರಳಿನ ಮುಂದೆ ಕೂತೇ, "ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟ್ದೋರೇ ಇಲ್ಲ. ಇವಳ ಕೈಲಿ ಆಗಾಕಿಲ್ಲ ಬುಡು" ಎಂದಿದ್ದಳು. ಹಾಗೆಂದವಳೇ ಮೂರು ವರ್ಷ ಬೆಳಗಿನ ಬಸ್ಸಿಗೆ ನನಗೆ ಡಬ್ಬಿ ಕಟ್ಟಿಕೊಟ್ಟಳು ಎಂಬುದನ್ನೂ ಹೇಳಬೇಕು. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ಅದನ್ನು ಮನೆಗೆ ತಂದಾಗ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಮುಟ್ಟಿ ನೋಡಿ, ಮತ್ತೆ ಒರಳಿನ ಮುಂದೆ ಹೋಗಿ ಕೂತಳು. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಮೂರು ಅಪಾರ್ಟ್‌ಮೆಂಟು ಸುತ್ತಿಸಿ, ಈಗ ಈ ಪರದೇಶದಲ್ಲಿ, ಡ್ಯಾನ್‌ವಿಲ್‌ನ ನಮ್ಮ ಮನೆಯ ಹಾಲಿನಲ್ಲಿ ತೂಗುಹಾಕಿದ್ದೇನೆ. ಬಂದವರನ್ನು ಅದರ ಎದುರಿಗೇ ಕೂರಿಸಿ ಕಾಫಿ ಕೊಡುತ್ತೇನೆ. ಇದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ಅತ್ತೆ ಆ ಮಾತನ್ನು ಎರಡನೆಯ ಸಲ ಹೇಳಿದ್ದು ಈ ಅಕ್ಟೋಬರಿನಲ್ಲಿ, ನಮ್ಮ ಡೆಕ್ಕಿನ ಮೇಲೆ ನಿಂತು.

ಡೆಕ್ಕು ಎಂದರೆ ಹಿತ್ತಿಲ ಕಡೆಗೆ ಕಂಬಗಳ ಮೇಲೆ ಹಲಗೆ ಜೋಡಿಸಿ ಕಟ್ಟಿದ ಜಗಲಿ. ನಮ್ಮ ಮನೆ ಗುಡ್ಡದ ಇಳಿಜಾರಿನಲ್ಲಿರುವುದರಿಂದ ಅದು ಆಳೆತ್ತರದಲ್ಲಿದೆ. ಮನೆ ಕೊಂಡಾಗ ಅಲ್ಲಿ ಕೂತು ಕಾಫಿ ಕುಡಿಯುವ ಕನಸು ಕಂಡಿದ್ದೆ. ಕೂತಿದ್ದು ಕಡಿಮೆ, ಮಂಡಿಯೂರಿದ್ದು ಹೆಚ್ಚು. ಬೇಸಿಗೆಯಲ್ಲಿ ಹಲಗೆ ಬಿರಿಯುತ್ತದೆ. ಎಲೆ ಉದುರುವ ಕಾಲಕ್ಕೆ ಪಕ್ಕದ ಓಕ್ ಮರ ತನ್ನ ಸಂಸಾರವನ್ನೆಲ್ಲ ತಂದು ಇಲ್ಲಿ ಸುರಿಯುತ್ತದೆ. ಎಲೆ ನೆನೆದರೆ ಕಪ್ಪು ಕಲೆ, ಕಲೆಯ ಮೇಲೆ ಪಾಚಿ, ಪಾಚಿಯ ಮೇಲೆ ನಾನು. ಬೇಲಿಯದ್ದು ಬೇರೆ ಕತೆ. ಅದು ನೆರೆಮನೆಯ ಕಡೆಗೆ ವಾಲುತ್ತಿರುವುದನ್ನು ನಾನಿನ್ನೂ ನೋಡಿಲ್ಲ ಎಂದೇ ಇಟ್ಟುಕೊಂಡಿದ್ದೇನೆ.

ಅಷ್ಟರಲ್ಲಿ ಬಡಾವಣೆಯ ಅಸೋಸಿಯೇಷನ್ನಿನಿಂದ ಕಾಗದ ಬಂತು. ಚಳಿಗಾಲದ ಮಳೆ ಶುರುವಾಗುವ ಮುಂಚೆ ಡೆಕ್ಕನ್ನು ಶುಚಿಗೊಳಿಸಿ, ಮರಕ್ಕೆ ನೀರು ಇಳಿಯದಂತೆ ಸೀಲರ್ ಬಳಿಯಬೇಕು, ಇನ್‌ಸ್ಪೆಕ್ಟರು ಬಂದು ನೋಡುತ್ತಾರೆ, ಹಲಗೆಯಲ್ಲಿ ತೇವ ಕಂಡರೆ ವಸಂತದವರೆಗೆ ಆ ಬಾಗಿಲು ಬಂದ್. ಬಳಿಯದಿದ್ದರೆ ಬಾಗಿಲು ಮುಚ್ಚುತ್ತಾರಂತೆ ಎಂದಷ್ಟೇ ಅತ್ತೆಗೆ ಹೇಳಿದ್ದು ತಪ್ಪಾಯಿತು. ನಮ್ಮ ಡೆಕ್ಕು ಪೂರ್ವಕ್ಕಿದೆ. ಹಾಗಾಗಿ ಊರಿಂದ ಬಂದ ಮಾರನೆಯ ದಿನವೇ ಅತ್ತೆ ಅದನ್ನು ಅಂಗಳ ಎಂದು ತೀರ್ಮಾನಿಸಿಬಿಟ್ಟಿದ್ದಳು.

"ಅಂಗಳ ಮುಚ್ಚಿದ ಮನೇಲಿ ದೀಪಾವಳಿನಾ? ನನ್ನ ಟಿಕೀಟು ಹಿಂದಕ್ಕೆ ಮಾಡ್ಸು, ನಾನು ಊರಿಗೆ ಓಯ್ತೀನಿ."

ಹತ್ತು ವರ್ಷ ಕರೆದು ಕರೆದು ಈ ಸಲ ಬಂದಿದ್ದಳು. ನನ್ನ ಮನೆಯಲ್ಲಿ ಒಂದು ಸಲವಾದರೂ ಅವಳ ಕೈಯಿಂದ ದೀಪ ಹಚ್ಚಿಸಬೇಕೆಂಬುದು ನನ್ನ ಆಸೆ. "ಏನೂ ಯೋಚ್ನೆ ಮಾಡ್ಬೇಡ ಅತ್ತೆ, ನಾನೇ ಬಳೀತೀನಿ" ಎಂದೆ.

"ನಿನ್ನ ಕೈಲಿ ಆಗಾಕಿಲ್ಲ ಬುಡು."

ಶನಿವಾರ ಮಧ್ಯಾಹ್ನ ಬಳಿದೆ. ಮಂಗಳವಾರದ ಹೊತ್ತಿಗೆ ಬಳಿದದ್ದು ಹಾಲಿನ ಕೆನೆಯ ಹಾಗೆ ಬೆಳ್ಳಗೆ ಎದ್ದು ಬಂತು. ಮುಂದಿನ ಶನಿವಾರ ಕೆರೆದು ಮತ್ತೆ ಬಳಿದೆ, ಮತ್ತೆ ಎದ್ದಿತು. ಅಂಗಡಿಯವನನ್ನು ಬೈದೆ, ಬೆಳಗಿನ ಮಂಜನ್ನು ಬೈದೆ. ನನ್ನ ಗಂಡ ರಮೇಶ ಕಂಪ್ಯೂಟರಿನ ಮೀಟಿಂಗಿನ ಮಧ್ಯೆ ಕಿಟಕಿಯಿಂದ ತಲೆ ಹೊರಹಾಕಿ, "ಡಬ್ಬದ ಮೇಲಿರೋ ಇನ್‌ಸ್ಟ್ರಕ್ಷನ್ಸ್ ಓದಿದ್ಯಾ?" ಎಂದ. ಡಿಗ್ರಿ ಮಾಡಿದವಳನ್ನು ಕೇಳುವ ಮಾತೇ ಇದು? ಓದಿದ್ದೆ. ಮರ ಎರಡು ದಿನ ಪೂರ್ತಿ ಒಣಗಿರಬೇಕು ಎಂದಿತ್ತು. ತಿಂಗಳುಗಟ್ಟಲೆ ಮಳೆ ಕಾಣದ ಊರಿನಲ್ಲಿ ಅದನ್ನೇನು ಯೋಚಿಸುವುದು?

ಇನ್‌ಸ್ಪೆಕ್ಷನ್ನಿಗೆ ಒಂದು ವಾರವಿತ್ತು. ಅವತ್ತು ರೆಡ್‌ವುಡ್ ಸಿಟಿಯ ನನ್ನ ಆಫೀಸಿಗೆ ರಜೆ ಹಾಕಿ, ಕೆರೆಯಲು ಬೆಳಿಗ್ಗೆ ಬೇಗ ಎದ್ದು ಬಾಗಿಲು ತೆಗೆದೆ. ಅತ್ತೆ ಸೀರೆ ಎತ್ತಿ ಕಟ್ಟಿ ಎರಡನೆಯ ಬಕೆಟ್ಟನ್ನು ಹಲಗೆಗಳ ಮೇಲೆ ಸುರಿಯುತ್ತಿದ್ದಳು.

"ಅತ್ತೆ! ಏನ್ ಮಾಡ್ತಿದ್ದೀಯ?"

"ಕಾಣಾಕಿಲ್ವಾ? ನೀರು ಹಾಕ್ದೆ ರಂಗೋಲಿ ಬುಡ್ತಾರಾ?"

ಎರಡು ತಿಂಗಳಿಂದ ಆ ರಂಗೋಲಿಯನ್ನು ನಾನು ದಿನವೂ ನೋಡುತ್ತಿದ್ದೆ. ಫೋಟೋ ತೆಗೆದು ನೆಂಟರ ಗ್ರೂಪಿಗೆ ಹಾಕುತ್ತಿದ್ದೆ. ಅದರ ಅಡಿಯಲ್ಲಿ ಪ್ರತಿದಿನ ಎರಡು ಬಕೆಟ್ ನೀರಿರುತ್ತದೆ ಎಂಬುದು ಸ್ಕೂಲಿನ ಮುಖ ನೋಡದ ಹುಡುಗಿಗೂ ಹೊಳೆಯುವ ವಿಷಯ. ನನಗೆ ಮಾತ್ರ ಹೊಳೆದಿರಲಿಲ್ಲ. ಅಲ್ಲೇ ಒದ್ದೆ ಹಲಗೆಯ ಮೇಲೆ ಕೂತುಬಿಟ್ಟೆ. ಅವಳು ಊರಿಗೆ ಹೋಗದಿರಲೆಂದೇ ಬಳಿದದ್ದು. ಅವಳೇ ಅದನ್ನು ತೊಳೆಯುತ್ತಿದ್ದಳು. ರೇಗಲೂ ಶಕ್ತಿಯಿರಲಿಲ್ಲ. ಡಬ್ಬದಲ್ಲಿರುವುದು ಮರ ಕುಡಿಯುವ ಎಣ್ಣೆಯಂಥದ್ದು, ಹಸಿ ಇದ್ದರೆ ಒಳಗೆ ಇಳಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ.

ಅತ್ತೆ ಬಕೆಟ್ ಕೆಳಗಿಟ್ಟಳು. "ಎಣ್ಣೆ ಅಂತ ಮೊದ್ಲೇ ಬಾಯ್ಬುಟ್ಟು ಯೋಳಕಾಗ್ಲಿಲ್ವೇನೇ? ಒನಕೆಗೆ ಎಣ್ಣೆ ಕುಡ್ಸೋಕೆ ಮುಂಚೆ ಬಿಸ್ಲಲ್ಲಿ ಒಣಗಿಸಾಕಿಲ್ವಾ? ಇವ್ಳು ಬಣ್ಣ ಬಳೀತಾವ್ಳೆ ಅಂದ್ಕಂಡೆ ನಾನು. ಅದೇನು ಓದಿದ್ಯೋ!"

ಅಂದಿನಿಂದ ಯಜಮಾನಿಕೆ ಅವಳ ಕೈಗೆ ಹೋಯಿತು. ರಂಗೋಲಿ ಒಂದು ಮಣೆಯ ಮೇಲೆ, ಒಳಗೆ. ಊರಿಂದ ಸೂಟ್‌ಕೇಸಿನಲ್ಲಿ ತಂದಿದ್ದ ಕಡ್ಡಿ ಪೊರಕೆಯಿಂದ ಎಲೆಗಳನ್ನೆಲ್ಲ ಗುಡಿಸಿದಳು. ಹಲಗೆ ಹಲಗೆಯ ನಡುವಿನ ಸಂದಿನಲ್ಲಿ ಎಲೆ ಕೊಳೆತು ನೀರು ಹಿಡಿದಿಟ್ಟಿದ್ದನ್ನು ನನ್ನ ಗಾಳಿಯೂದುವ ಯಂತ್ರ ಅಲ್ಲಾಡಿಸಿಯೂ ಇರಲಿಲ್ಲ. ಅತ್ತೆ ಗೋಣಿ ಹೊಲಿಯುವ ದಬ್ಬಳದಿಂದ ಒಂದೊಂದೇ ಸಂದನ್ನು ಕೆದಕಿದಳು. ಎದ್ದು ಬಂದದ್ದನ್ನು ಕೆರೆದು, ಎರಡು ದಿನ ಬಿಸಿಲಿಗೆ ಬಿಟ್ಟು, ಮೂರನೆಯ ದಿನ ಹಳೆಯ ನೂಲಿನ ಸೀರೆ ಹರಿದು ಆ ಚಿಂದಿಯಿಂದ ಸೀಲರನ್ನು ಹಲಗೆಗೆ ತಿಕ್ಕಿದೆವು. "ಒತ್ತಿ ತಿಕ್ಕು. ಕೂಸಿಗೆ ಪೌಡರ್ ಹಾಕ್ದಂಗೆ ಮಾಡ್ತೀಯಲ್ಲ!" ನನ್ನ ಸೊಂಟ ಹೋಯಿತು. ಅವಳದ್ದು ಗಟ್ಟಿಯಾಗಿಯೇ ಇತ್ತು.

ಇನ್‌ಸ್ಪೆಕ್ಟರ್ ಹೆಂಗಸು ಬಂದು ತೇವ ಅಳೆಯುವ ಮುಳ್ಳನ್ನು ಹಲಗೆಗೆ ಚುಚ್ಚಿ ಚುಚ್ಚಿ ನೋಡಿದಳು. ಪರೀಕ್ಷೆಯ ಹಾಲಿನಲ್ಲೂ ನಾನು ಅಷ್ಟು ಹೆದರಿರಲಿಲ್ಲ. ಅವಳು ಮುಖ ಎತ್ತಿ, ಇಡೀ ಬೀದಿಯಲ್ಲಿ ಇಷ್ಟು ಚೊಕ್ಕವಾದ ಸಂದುಗಳನ್ನು ನೋಡಿಲ್ಲ, ಯಾರು ಮಾಡಿದ್ದು ಎಂದು ಕೇಳಿದಳು. ಡಬ್ಬ ಕೊಂಡವಳು, ಎರಡು ಸಲ ಬಳಿದವಳು ನಾನು, ಬಾಯಿ ತೆರೆದೆ. ಅಷ್ಟರಲ್ಲಿ, ಒಂದು ಸಲವೂ ಬ್ರಶ್ ಹಿಡಿಯದ ರಮೇಶ ಅತ್ತೆಯ ಕಡೆಗೆ ಕೈ ತೋರಿಸಿದ.

ಆ ಹೆಂಗಸು ಸಹಿ ಹಾಕಿದ ಸರ್ಟಿಫಿಕೇಟನ್ನು ನೇರ ಅತ್ತೆಗೇ ಕೊಟ್ಟಳು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡು, ಹಾಲಿಗೆ ನಡೆದು, ನನ್ನ ಡಿಗ್ರಿಯ ಪಕ್ಕ ಅದನ್ನು ಗೋಡೆಗೆ ಹಿಡಿದು ನೋಡಿದಳು.

"ಇಲ್ಲೊಂದು ಮೊಳೆ ಹೊಡಿಯವ್ವ. ನೀನು ಮೂರು ವರ್ಷ ತಗಂಡೆ, ನಂಗೆ ಮೂರೇ ದಿನ ಸಾಕಾಯ್ತು."