ಮಾವನವರು ನುಂಗಿದ್ದು ಎಡಗೈಯದೋ ಬಲಗೈಯದೋ?

ರಸಾಯನಶಾಸ್ತ್ರದಲ್ಲಿ ನನಗೆ ಅಸಾಧ್ಯವಾದದ್ದು ಯಾವುದೂ ಇಲ್ಲವೆಂದು ನಾನು ನಂಬಿದ್ದ ಕಾಲವದು. ಶಿವಮೊಗ್ಗದ ಕಾಲೇಜೊಂದಕ್ಕೆ ಹೊಸದಾಗಿ ಮೇಷ್ಟ್ರಾಗಿ ಸೇರಿದ್ದೆ.

ಹುಣಸೆಹಣ್ಣಿನ ಆಮ್ಲಕ್ಕೆ ಕನ್ನಡಿಯ ಬಿಂಬದಂಥ ಒಂದು ಅವಳಿ ಉಂಟು. ನಮ್ಮ ಎಡಗೈ, ಬಲಗೈ ಇದ್ದಂತೆ! ಎರಡೂ ಬೆರೆತ ಲವಣವನ್ನು ತಂಪಿನಲ್ಲಿ ಹರಳುಗಟ್ಟಿಸಿ, ಭೂತಗನ್ನಡಿ ಹಿಡಿದು, ಚಿಮಟದಿಂದ ಒಂದೊಂದೇ ಹರಳು ಹೆಕ್ಕಿ ಎಡಗೈಯದು, ಬಲಗೈಯದು ಎಂದು ಬೇರೆ ಮಾಡಬಹುದು. ಮಾಡಿ ತೋರಿಸುತ್ತೇನೆಂದು ತರಗತಿಯಲ್ಲಿ ಘೋಷಿಸಿದೆ.

ರವೀಂದ್ರನಗರದ ನಮ್ಮ ಬಾಡಿಗೆ ಮನೆಯಲ್ಲಿ ತಂಪಾದ ಜಾಗವೆಂದರೆ ದೇವರ ಕೋಣೆ. ಹರಳುಗಳು ಅಲ್ಲೇ ಬೆಳೆದವು. ಕಣ್ಣಲ್ಲಿ ನೀರು ಬರುವವರೆಗೆ ಹೆಕ್ಕಿ, ಎರಡು ಬಟ್ಟಲುಗಳಿಗೆ ತುಂಬಿ, ಅಲ್ಲೇ ದೇವರ ಮುಂದೆ ಇಟ್ಟು, ಜಯಶಾಲಿಯಾಗಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಒಂದು ಬಟ್ಟಲು ಖಾಲಿ!

"ಪಾರ್ವತೀ, ಇದರಲ್ಲಿದ್ದದ್ದು ಏನಾಯ್ತು?"

"ಕಲ್ಲುಸಕ್ಕರೇನಾ? ಅಪ್ಪ ಈಗ ಭದ್ರಾವತಿಯಿಂದ ಬಂದ್ರು. ಪ್ರಸಾದ ಅಂತ ಬಾಯಿಗೆ ಹಾಕ್ಕೊಂಡ್ರು."

ತಿಂದದ್ದು ಯಾವ ಕೈಯದು? ಬಲಗೈಯದು ಹುಣಸೆಹಣ್ಣಿನಲ್ಲಿರುವುದು, ಹೊಟ್ಟೆಗೆ ಪರಿಚಯ ಉಂಟು. ಎಡಗೈಯದು? ಒಂದು ಅವಳಿ ಔಷಧವಾದರೆ ಇನ್ನೊಂದು ವಿಷವೂ ಆಗಬಹುದೆಂದು ಎಲ್ಲೋ ಓದಿದ್ದೆ! ಬಟ್ಟಲುಗಳಿಗೆ ಗುರುತು ಹಾಕುವುದನ್ನು ಮರೆತಿದ್ದೆ. ಉಳಿದ ಹರಳುಗಳಿಗೆ ಭೂತಗನ್ನಡಿ ಹಿಡಿದೆ. ಗಾಬರಿಯಲ್ಲಿ ಪ್ರತಿಯೊಂದೂ ಎರಡೆರಡಾಗಿ ಕಂಡಿತು.

ಜಗಲಿಗೆ ಓಡಿದೆ. "ಮಾವಾ, ನೀವು ತಿಂದಿದ್ದು ಎಡಗೈದೋ, ಬಲಗೈದೋ?"

ಮಾವನವರು ಕೆರಳಿದರು. "ಏನ್ ಮಾತಾಡ್ತೀರಿ ಅಳಿಯಂದಿರೇ! ಪ್ರಸಾದಾನ ಯಾರಾದ್ರೂ ಎಡಗೈಲಿ ತಿಂತಾರಾ? ಆದ್ರೆ ನಿಮ್ಮೂರ ಕಲ್ಲುಸಕ್ಕರೆ ಯಾಕೋ ಉಪ್ಪು."

ಅಷ್ಟರಲ್ಲಿ ಅವರು ಮುಖ ಕಿವುಚಿದರು. "ಹೊಟ್ಟೇಲಿ ಏನೋ ಗುಡುಗುಡು ಅಂತೈತೆ."

ಪಾರ್ವತಿ ಗೋಳೋ ಎಂದಳು. ನನ್ನ ಕಣ್ಣಮುಂದೆ ಪೊಲೀಸರು, ಕೋರ್ಟು, ಕೈಕೋಳ ಎಲ್ಲ ಬಂದವು. ಮಾವನವರನ್ನು ಜಟಕಾದಲ್ಲಿ ಕೂರಿಸಿ ಕೋಟೆಯ ಬಳಿಯ ಡಾಕ್ಟರ ಹತ್ತಿರ ಓಡಿಸಿದೆ. ದಾರಿಯುದ್ದಕ್ಕೂ ಅವರ ನಾಡಿ ಹಿಡಿದಿದ್ದೆ. ಅದು ನಿಂತೇಹೋಗಿತ್ತು! "ಅದು ನನ್ನ ಮೊಣಕೈ, ಮಾರಾಯ," ಎಂದರು ಮಾವ.

ಡಾಕ್ಟರು ನನ್ನ ಕನ್ನಡಿ ಬಿಂಬದ ಉಪನ್ಯಾಸವನ್ನು ಕೊನೆಯವರೆಗೂ ಕೇಳಿದರು. ಲವಣದ ಹೆಸರನ್ನು ಮತ್ತೊಮ್ಮೆ ಹೇಳಿಸಿದರು. ಆಮೇಲೆ ತಣ್ಣಗೆ ಹೇಳಿದರು: "ಮೇಷ್ಟ್ರೇ, ಎಡಗೈ ಆದ್ರೂ ಅಷ್ಟೇ, ಬಲಗೈ ಆದ್ರೂ ಅಷ್ಟೇ. ಇದು ಭೇದಿ ಉಪ್ಪಿನ ಜಾತಿ. ಪ್ರಾಣಕ್ಕೇನೂ ಭಯ ಇಲ್ಲ. ಆದ್ರೆ ಇವರನ್ನ ಬೇಗ ಮನೆ ಮುಟ್ಟಿಸಿ!"

ಜಟಕಾದವನಿಗೆ ಅರ್ಥವಾಯಿತು. ಕುದುರೆಗೂ ಅರ್ಥವಾದಂತಿತ್ತು.

ಸಂಜೆಯ ಹೊತ್ತಿಗೆ ಮಾವನವರ ಮುಖದಲ್ಲಿ ದಿವ್ಯ ಪ್ರಸನ್ನತೆ! ಎಷ್ಟು ಲೇಹ್ಯ ತಿಂದರೂ ಇಂಥ ಸುಖ ಕಂಡಿರಲಿಲ್ಲವಂತೆ. ಊರಿಗೆ ಹೋಗಿ ಕಂಡಕಂಡವರಿಗೆಲ್ಲ ಹೇಳಿದರು. ಭದ್ರಾವತಿಯಲ್ಲಿ ಇವತ್ತಿಗೂ ನನ್ನನ್ನು ಯಾರೂ ರಸಾಯನಶಾಸ್ತ್ರದ ಮೇಷ್ಟ್ರು ಎನ್ನುವುದಿಲ್ಲ.

ಭೇದಿ ಅಳಿಯಂದಿರು ಎನ್ನುತ್ತಾರೆ!